ಟ್ಯಾಂಕಲ್ಲಿ ಹೊಸ ಹುಳ ಕಂಡ್ರೆ ಕೂಡ್ಲೇ ಇಕ್ಕಳ ಎತ್ಬೇಡಿ

ರಾತ್ರಿ ನೀರು ಕುಡಿಯೋಕೆ ಎದ್ದೋನು ಸುಮ್ನೆ ಉಪ್ಪುನೀರಿನ ಟ್ಯಾಂಕ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟೆ, ಕಲ್ಲಿನ ಸಂದಿಯಿಂದ ಗುಲಾಬಿ ಬಣ್ಣದ, ಮೈ ಅಂಚಿಗೆಲ್ಲಾ ಬಿಳಿ ಮುಳ್ಳಿರೋ ಗೇಣುದ್ದದ ಹುಳ ಹೊರಗೆ ಬಂದಿತ್ತು. ನಾನು ದುಡ್ಡು ಕೊಟ್ಟು ತಂದಿದ್ದು ಎರಡು ಕ್ಲೌನ್ ಫಿಶ್, ನಾಲ್ಕು ಕೋರಲ್ (ಹವಳ) ಅಷ್ಟೇ, ಇದ್ಯಾರಪ್ಪ ಬಾಡಿಗೆ ಕೊಡ್ದೆ ಇರೋರು ಅನ್ನಿಸ್ತು. ಬೆಳಿಗ್ಗೆ ನೋಡಿದ್ರೆ ಅದರಲ್ಲಿ ಹ್ಯಾಮರ್ ಅನ್ನೋ ಜಾತಿ ಕೋರಲ್ ಮುದುಡ್ಕೊಂಡು ಕೂತಿದೆ. ಇದೇ ಕಳ್ಳ ಅಂತ ಬರಿಗೈ ಹಾಕಿದೆ, ಎರಡು ದಿನ ಬೆರಳು ಉರೀತು. ಚುಚ್ಚಿದ ಮುಳ್ಳು ತೆಗೆಯೋಕೆ ಸೆಲ್ಲೋಟೇಪ್ ಅಂಟಿಸಿ ಕೀಳ್ಬೇಕು, ಉಜ್ಬಾರ್ದು. ಆಮೇಲೆ ನೀರು ಟೆಸ್ಟ್ ಮಾಡಿದ್ರೆ ಕೆಎಚ್, ಅಂದ್ರೆ ನೀರಿನ ಕ್ಷಾರದ ಅಳತೆ, 6ಕ್ಕೆ ಇಳಿದಿತ್ತು, ಹುಳದ್ದು ಏನೂ ತಪ್ಪಿರ್ಲಿಲ್ಲ!

ಅದು ಬ್ರಿಸಲ್ ವರ್ಮ್. ಮಿಕ್ಕಿದ ಆಹಾರ, ಸತ್ತಿದ್ದು ಕೊಳ್ತಿದ್ದು ತಿನ್ನುತ್ತೆ, ಸಾಯ್ತಿರೋ ಕೋರಲ್ ಮೇಲೂ ಇರುತ್ತೆ, ಅದಕ್ಕೇ ಕೊಲೆ ಆರೋಪ ಅದರ ಮೇಲೆ ಬರೋದು. ಸಂಖ್ಯೆ ವಿಪರೀತ ಆಯ್ತು ಅಂದ್ರೆ ನೀವು ಜಾಸ್ತಿ ಆಹಾರ ಹಾಕ್ತಿದೀರ ಅಂತ ಅರ್ಥ.

ಹಾಗಾಗಿ ಮೊದಲ ಕೆಲಸ ನೋಡೋದು. ಲೈಟ್ ಆರಿ ಒಂದೆರಡು ಗಂಟೆ ಆದ್ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಒಂದು ವಾರ ನೋಡಿ, ಫೋಟೋ ತೆಗೀರಿ, ಏನು ತಿನ್ನುತ್ತೆ ಅಂತ ಗಮನಿಸಿ. ಗಾಜಿನ ಮೇಲೆ ಓಡಾಡೋ ಬಿಳಿ ಚುಕ್ಕಿಗಳು ಕೋಪಿಪಾಡ್, ಮೀನಿಗೆ ಊಟ, ಖುಷಿ ಪಡಿ. ಉಗುರಷ್ಟು ದೊಡ್ಡ ನಕ್ಷತ್ರಮೀನು ಆಸ್ಟರಿನಾ, ಹೆಚ್ಚಿನವು ಪಾಚಿ ತಿಂದ್ಕೊಂಡಿರ್ತವೆ, ಝೋವಾಂತಿಡ್ (ಅಂಗಿ ಗುಂಡಿ ಥರದ, ಹವಳದ ಹತ್ತಿರದ ಜೀವಿ) ಮೇಲೇ ದಿನಾ ಕೂತಿದ್ರೆ ಮಾತ್ರ ಎತ್ತಿ ಹಾಕಿ. ಟಕ್ ಟಕ್ ಸದ್ದು ಬಂದ್ರೆ ಮೀನು, ಏಡಿ ಬೇಟೆಯಾಡೋ ಮ್ಯಾಂಟಿಸ್ ಶ್ರಿಂಪ್ ಅಂತ ಗಾಬರಿ ಬೀಳೋರೇ ಜಾಸ್ತಿ, ಪಾಪದ ಪಿಸ್ತೂಲ್ ಶ್ರಿಂಪೂ ಅದೇ ಸದ್ದು ಮಾಡುತ್ತೆ.

ನಿಜವಾದ ತಲೆನೋವು ಎರಡು. ಒಂದು ಐಪ್ಟೇಸಿಯಾ ಅನ್ನೋ ಕಡಲ ಹೂವು (ಅನಿಮೋನ್), ಕಂದುಬಣ್ಣದ ಪುಟ್ಟ ತಾಳೆಮರದ ಥರ ಇರುತ್ತೆ. ಇದನ್ನ ಕೆರೆದು ತೆಗೆದ್ರೆ ಉಳಿದ ಚೂರುಗಳಿಂದ ಮತ್ತೆ ಹುಟ್ಟುತ್ತೆ, ನಾನು ಒಂದನ್ನ ಕೆರೆದು ಹತ್ತು ಮಾಡ್ಕೊಂಡೋನು. ಪಂಪ್ ಆಫ್ ಮಾಡಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದ್ರೆ ಅಪ್ಪಟ ಸುಣ್ಣದ ಗಟ್ಟಿ ಪೇಸ್ಟನ್ನ ಸಿರಿಂಜಲ್ಲಿ ಅದರ ಬಾಯಿಗೆ ಬಿಡಿ, ಒಂದು ಸಲಕ್ಕೆ ಎರಡು ಮೂರಕ್ಕೆ ಮಾತ್ರ, ಇಲ್ದಿದ್ರೆ ಪಿಎಚ್ ಏರುತ್ತೆ. ಇನ್ನೊಂದು ವರ್ಮೆಟಿಡ್ ಬಸವನಹುಳು, ಕಲ್ಲಿಗೆ ಅಂಟಿದ ಸಣ್ಣ ಕೊಳವೆ, ಲೋಳೆ ಬಲೆ ಬಿಟ್ಟು ಪಕ್ಕದ ಕೋರಲ್‌ಗೆ ಕಿರಿಕಿರಿ ಮಾಡುತ್ತೆ. ಕೊಳವೆ ಬಾಯಿಗೆ ಸೂಪರ್ ಗ್ಲೂ ಜೆಲ್ ಹಚ್ಚಿದ್ರೆ ಮುಗೀತು. ಆದ್ರೆ ಹುಳ ಸಾಯ್ಲಿ ಅಂತ ಕಲ್ಲನ್ನ ಯಾವತ್ತೂ ಕುದಿಸ್ಬೇಡಿ, ಝೋವಾಂತಿಡ್ ಇದ್ರೆ ಅದರ ಪಾಲಿಟಾಕ್ಸಿನ್ ವಿಷ ಹಬೆ ಜೊತೆ ಮೂಗಿಗೆ ಬರುತ್ತೆ, ಹೀಗೆ ಮಾಡಿ ಆಸ್ಪತ್ರೆ ಸೇರಿದೋರಿದಾರೆ.

ಈಗ ಕೋರಲ್ ಮುನಿಸು, ಅಂದ್ರೆ ಅದು ಮುದುಡಿ ಕೂರೋದು. ನೀರಲ್ಲಿ ಇರ್ಬೇಕಾದ್ದು ಇಷ್ಟು: ಕೆಎಚ್ 8ರಿಂದ 9, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಶಾಖ 25 ಡಿಗ್ರಿ ಆಸುಪಾಸು, ಉಪ್ಪು ಸಾಪೇಕ್ಷ ಸಾಂದ್ರತೆ ಲೆಕ್ಕದಲ್ಲಿ 1.025. ಈ ನಂಬರಿಗಿಂತ ಅದು ಕದಲದೇ ಇರೋದು ಮುಖ್ಯ. ಕೆಎಚ್ ಬಿದ್ದಿದ್ರೂ ದಿನಕ್ಕೆ 1ಕ್ಕಿಂತ ಜಾಸ್ತಿ ಏರಿಸ್ಬೇಡಿ. ಬೆಂಗಳೂರಲ್ಲಿ ಏಪ್ರಿಲ್ ಬಿಸಿಲಿಗೆ ಟ್ಯಾಂಕ್ ಮೇಲೆ ಫ್ಯಾನ್ ಹಾಕ್ತೀವಲ್ಲ, ಶಾಖ ಇಳಿಯುತ್ತೆ ಆದ್ರೆ ನೀರು ಆವಿ ಆಗಿ ಉಪ್ಪು ಮಾತ್ರ ಉಳಿಯುತ್ತೆ, ಕಮ್ಮಿ ಆದಷ್ಟಕ್ಕೆ ಸಿಹಿನೀರೇ ಹಾಕ್ಬೇಕು, ಉಪ್ಪುನೀರಲ್ಲ. ಮನೆ ಆರ್‌ಓ ನೀರೂ ಸಾಲಲ್ಲ, ಎಷ್ಟೋ ಮಷಿನ್‌ಗಳು ರುಚಿಗೆ ಅಂತ ಖನಿಜ ವಾಪಸ್ ಸೇರಿಸ್ತವೆ. ಉಳಿದ ಲವಣ ಹೀರೋ ಡಿಐ ರೆಸಿನ್ ಮೂಲಕ ಹಾಯಿಸಿ ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ ಬರ್ಬೇಕು.

ಆಮೇಲೆ ನೀರಿನ ಓಟ ನೋಡಿ. ಹ್ಯಾಮರ್, ಟಾರ್ಚ್ ಕೋರಲ್‌ಗಳು ಗಾಳಿಗೆ ಪೈರು ಓಲಾಡಿದ ಹಾಗೆ ಓಲಾಡ್ಬೇಕು, ಒಂದೇ ಕಡೆ ಬಾಗಿ ನಿಂತಿದ್ರೆ ಪಂಪ್ ತಿರುಗಿಸಿ. ಒಂದು ಬದಲಾವಣೆ ಮಾಡಿದ್ಮೇಲೆ ವಾರ ಕಾಯಿರಿ, ದಿನಾ ಜಾಗ ಬದಲಾಯಿಸಿದ್ರೆ ಅದೂ ಮುನಿಸಿಗೆ ಕಾರಣ ಆಗುತ್ತೆ.

ಮುರ್ಡೇಶ್ವರ, ನೇತ್ರಾಣಿ ಕಡೆ ಹೋದಾಗ ಒಂದು ಹವಳದ ಕಲ್ಲು ತರೋಣ ಅನ್ನೋ ಯೋಚ್ನೆ ಇದ್ರೆ ಬಿಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಗಟ್ಟಿ ಹವಳ ಹುಲಿ ಇರೋ ಶೆಡ್ಯೂಲ್ 1ರಲ್ಲೇ ಇದೆ. ಹೊರದೇಶದ್ದು ಅಂತ ಮಾರೋರ ಹತ್ರ ಪೇಪರ್ ಕೇಳಿ ತಗೊಳಿ. ಮತ್ತೆ ಮೊದಲ ವರ್ಷ ಗೋನಿಯೋಪೋರಾ ಅನ್ನೋ ಸಾಕೋಕೆ ಕಷ್ಟದ ಕೋರಲ್ ತರ್ಬೇಡಿ, ಅಂಗಡೀಲಿ ಎಷ್ಟೇ ಸೇವಂತಿಗೆ ಥರ ಅರಳಿ ನಿಂತಿದ್ರೂ.