ಕೇಸ್ ಶೀಟಲ್ಲಿ ಪೇಸ್‌ಮೇಕರ್ ಅಂತಿತ್ತು, ಎಕ್ಸ್‌ರೇ ನೋಡಿದ್ರೆ ಬೇರೇನೇ

ನಾನು ಅರಿವಳಿಕೆ ಡಾಕ್ಟ್ರು. ಪಿತ್ತಕೋಶದ ಲ್ಯಾಪ್ರೋಸ್ಕೋಪಿಗೆ ಅರವತ್ತು ದಾಟಿದ ಯಜಮಾನ್ರೊಬ್ಬರು ಬಂದಿದ್ರು, ಬಲ ಕುಗ್ಗಿದ ಹೃದಯ, ಇಎಫ್ (ಒಂದು ಬಡಿತಕ್ಕೆ ಹೃದಯ ಹೊರತಳ್ಳೋ ರಕ್ತದ ಪಾಲು) 25%, ಕೇಸ್ ಶೀಟಲ್ಲಿ ಬರೀ ಪೇಸ್‌ಮೇಕರ್ ಅಂತ ಬರೆದಿತ್ತು. ಅವರ ಮನೆಯವರು "ಎದೆಗೆ ಬ್ಯಾಟರಿ ಇಟ್ಟಿದಾರೆ ಡಾಕ್ಟ್ರೇ" ಅಂದ್ರು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದ್ರೆ ಒಂದು ವೈರ್ ಮೇಲೆ ದಪ್ಪನೆ ಕಾಯಿಲ್ ಕಾಣ್ತಿದೆ. ಅಂದ್ರೆ ಪೇಸಿಂಗ್ ಜೊತೆಗೆ, ಹೃದಯದ ಲಯ ಅಪಾಯಕ್ಕೆ ತಿರುಗಿದ್ರೆ ಶಾಕ್ ಕೊಡೋ ಡಿವೈಸು, ಸಿಆರ್‌ಟಿ-ಡಿ. ಆಮೇಲೆ ಅವರ ಮನೆಯವರು ಪ್ಲಾಸ್ಟಿಕ್ ಕವರಿಂದ ತೆಗೆದುಕೊಟ್ಟ ಡಿವೈಸ್ ಕಾರ್ಡಲ್ಲೂ ಅದೇ ಇತ್ತು.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಪೇಸ್‌ಮೇಕರ್ ಮೇಲೆ ಮ್ಯಾಗ್ನೆಟ್ ಇಟ್ರೆ ಸಾಮಾನ್ಯವಾಗಿ ಅದು ಕಾಟರಿ (ಕರೆಂಟಿಂದ ಸುಟ್ಟು ಕೊಯ್ಯೋ ಉಪಕರಣ) ಗಲಾಟೆಗೆ ಕಿವಿಗೊಡದೆ ಒಂದೇ ರೇಟಲ್ಲಿ ಪೇಸ್ ಮಾಡ್ತಾ, ಅಂದ್ರೆ ಹೃದಯ ಬಡಿಸ್ತಾ ಹೋಗುತ್ತೆ, ಆದ್ರೆ ಶಾಕ್ ಡಿವೈಸ್ ಮೇಲೆ ಅದೇ ಮ್ಯಾಗ್ನೆಟ್ ಇಟ್ರೆ ಶಾಕ್ ಮಾತ್ರ ನಿಲ್ಲುತ್ತೆ, ಪೇಸಿಂಗ್ ಮೋಡ್ ಬದಲಾಗಲ್ಲ. ಇವರದು ಪೇಸಿಂಗ್ ನಂಬಿಕೊಂಡ ಹೃದಯ, ಸ್ವಂತ ರೇಟ್ 30ರ ಆಸುಪಾಸು. ಹೊಕ್ಕಳಿಂದ ಮೇಲೆ ಮೊನೊಪೋಲಾರ್ (ದೇಹದ ಮೂಲಕ ಕರೆಂಟ್ ಹಾಯೋ) ಕಾಟರಿ ಒತ್ತಿದಾಗ ಡಿವೈಸ್ ಅದನ್ನೇ ಹೃದಯದ ಬಡಿತ ಅಂದ್ಕೊಂಡು ಪೇಸಿಂಗ್ ನಿಲ್ಲಿಸಿಬಿಟ್ರೆ? ಅದಕ್ಕೆ ಮ್ಯಾಗ್ನೆಟ್ ನಂಬಲಿಲ್ಲ, ಡಿವೈಸ್ ಸೆಟ್ಟಿಂಗ್ ಬದಲಿಸೋ ಮಷೀನು, ಪ್ರೋಗ್ರಾಮರ್ ತರಿಸಿದೆ. ಮೊದಲು ಎದೆಗೂ ಬೆನ್ನಿಗೂ ಹೊರಗಿಂದ ಶಾಕ್ ಕೊಡೋ ಡಿಫಿಬ್ ಪ್ಯಾಡ್ ಅಂಟಿಸಿ, ಆಮೇಲೆ ಶಾಕ್ ಆಫ್, ಮೋಡ್ ಡಿಓಓ (ಯಾವ ಸದ್ದನ್ನೂ ಗಮನಿಸದೆ ಒಂದೇ ರೇಟಲ್ಲಿ ಪೇಸಿಂಗ್), ರೇಟ್ 80. ಕರೆಂಟ್ ಡಿವೈಸಿಂದ ದೂರ ಹರೀಲಿ ಅಂತ ಕಾಟರಿ ಪ್ಲೇಟ್ ತೊಡೆಗೆ.

ಹೃದಯಕ್ಕೂ ಸಕ್ಕರೆಗೂ ಕೊಡೋ ಡಾಪಾಗ್ಲಿಫ್ಲೋಜಿನ್ ಮಾತ್ರೆ 3 ದಿನ ಮುಂಚೆನೇ ನಿಲ್ಸಿದ್ವಿ, ಹೃದಯದ ಇನ್ನೊಂದು ಮಾತ್ರೆ ಬೀಟಾ ಬ್ಲಾಕರ್ ಆವತ್ತು ಬೆಳಿಗ್ಗೆನೂ ಕೊಟ್ವಿ. ಎಚ್ಚರ ಇರುವಾಗ್ಲೇ ಆರ್ಟೀರಿಯಲ್ ಲೈನ್ (ರಕ್ತನಾಳದೊಳಗಿಂದ ಪ್ರತಿ ಬಡಿತದ ಬಿಪಿ ತೋರಿಸೋ ನಳಿಕೆ) ಹಾಕಿ, ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಪಂಪ್ ಜೋಡಿಸಿಟ್ಟು, ನೋವಿಗೆ ಫೆಂಟನಿಲ್, ನಿದ್ದೆಗೆ ಎಟೊಮಿಡೇಟ್ ನಿಧಾನಕ್ಕೆ ಕೊಟ್ಟೆ. ಇಂಥ ಹೃದಯದಲ್ಲಿ ಔಷಧಿ ಮೆದುಳಿಗೆ ಮುಟ್ಟೋಕೆ ತಡ ಆಗುತ್ತೆ, ಕಣ್ಣು ಮುಚ್ಚಲಿಲ್ಲ ಅಂತ ಇನ್ನೊಂದು ಡೋಸ್ ತಳ್ಳಿದ್ರೆ ಬಿಪಿ ಕುಸಿಯುತ್ತೆ, ಕಾಯಲೇಬೇಕು.

ಹೊಟ್ಟೆ ಉಬ್ಬಿಸೋಕೆ ತುಂಬೋ ಗ್ಯಾಸಿನ ಒತ್ತಡ 10ಕ್ಕೆ ಮಿತಿ ಮಾಡಿಸಿದ್ರೂ ತಲೆಭಾಗ ಮೇಲೆತ್ತಿದ ತಕ್ಷಣ ಸಿಸ್ಟೋಲಿಕ್ (ಮೇಲಿನ ಬಿಪಿ) 118 ಇದ್ದದ್ದು 84ಕ್ಕಿಳೀತು. "ಸರ್, ಒಂದ್ನಿಮಿಷ ಗ್ಯಾಸ್ ಬಿಡಿ" ಅಂದೆ, ಸರ್ಜನ್ ಮರುಮಾತಾಡದೆ ಬಿಟ್ರು, ಟೇಬಲ್ ಸಮ ಮಾಡಿ ನಾರ್‌ಅಡ್ರಿನಲಿನ್ ಸ್ವಲ್ಪ ಏರಿಸಿದ್ಮೇಲೆ ಬಿಪಿ ಮೇಲೆ ಬಂತು, ಎರಡನೇ ಸಲ ಕಮ್ಮಿ ವಾಲಿಸಿದ್ವಿ. ಕಾಟರಿ ಒತ್ತಿದಾಗೆಲ್ಲ ಇಸಿಜಿ ಗೀಚಿದಂಗಾಗೋದು, ಆಗ ನನ್ನ ಕಣ್ಣು ಆರ್ಟೀರಿಯಲ್ ಅಲೆ ಮೇಲೇನೇ.

ಟ್ಯೂಬ್ ತೆಗೆದು ಅವರು ಕಣ್ಣು ಬಿಟ್ಟಾಗ ರಿಕವರಿಗೆ ಶಿಫ್ಟ್ ಮಾಡ್ಬಿಡೋಣ ಅಂತ ಎಲ್ರಿಗೂ ಅವಸರ. ನಾನು ಬಿಡಲಿಲ್ಲ. ಶಾಕ್ ವಾಪಸ್ ಆನ್ ಮಾಡಿ ಹಳೇ ಮೋಡಿಗೆ ತಂದು, ಪ್ರಿಂಟೌಟ್ ಕೈಗೆ ಬಂದು ಓದಿದ್ಮೇಲೇನೇ ಪ್ಯಾಡ್ ಕಿತ್ತಿದ್ದು. ಕಾರ್ಡಿಂದೊಂದು ಜೆರಾಕ್ಸ್ ಮಾಡಿಸಿ ಕೇಸ್ ಶೀಟಿನ ಮೊದಲ ಪುಟಕ್ಕೇ ಪಿನ್ ಹೊಡೆದೆ.