ಮೊದಲು ಪ್ಲಾಟು, ಆಮೇಲೆ ಪ್ರವೇಶ ಪತ್ರ

ಹುಡುಗರನ್ನು ವಿದೇಶಕ್ಕೆ ಓದಲು ಕಳುಹಿಸುವುದು ನನ್ನ ಕೆಲಸ. ವಿಶ್ವವಿದ್ಯಾಲಯದ ಪ್ರವೇಶ ಪತ್ರ ಬಂದ ಮೇಲೆ ಸಾಲಕ್ಕೆಂದು ಬ್ಯಾಂಕಿಗೆ ಓಡುವ ಕ್ರಮವನ್ನು ನಾನು ತಿರುಗಿಸಿ ಹಾಕಿದೆ. ಜರ್ಮನಿಗೆ ಹೋಗಬೇಕೆಂದು ಬರುವ ಹುಡುಗನಿಗೆ ನಾನು ಮೊದಲು ಕೇಳುವುದು ಅಂಕಪಟ್ಟಿಯಲ್ಲ, ಮನೆಯ ಆಸ್ತಿಯ ಕಾಗದ. ವಿಜಯಪುರದಲ್ಲಿ ಇದೇ ಕೆಲಸ ಮಾಡುವವರು, ‘ಪತ್ರವಿಲ್ಲದೆ ಯಾವ ಮ್ಯಾನೇಜರ್ ನಿಮ್ಮನ್ನು ಕೂರಿಸಿಕೊಂಡು ಮಾತನಾಡುತ್ತಾರೆ ಸರ್?’ ಎಂದು ನಕ್ಕಿದ್ದರು. ಕಳೆದ ಚಳಿಗಾಲದ ಸೆಮಿಸ್ಟರ್‌ಗೆ ನನ್ನಿಂದ ಹೊರಟ ಎಂಟೊಂಬತ್ತು ಮಂದಿಯಲ್ಲಿ ಹಣಕ್ಕಾಗಿ ಒಬ್ಬನೂ ನಿಲ್ಲಲಿಲ್ಲ. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಹುಡುಗರನ್ನು ನನ್ನ ಬಳಿಗೇ ಕಳುಹಿಸುತ್ತಾರೆ.

ತಿಕೋಟಾದ ದ್ರಾಕ್ಷಿಯವರು, ಇಂಡಿಯ ಲಿಂಬೆಯವರು, ಜಮಖಂಡಿಯ ಕಬ್ಬಿನವರು, ಇವರೆಲ್ಲರಿಗೂ ಭೂಮಿಯಿದೆ. ಆದಾಯ ತೆರಿಗೆಯ ರಿಟರ್ನ್ ಮಾತ್ರ ಇಲ್ಲ. ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಅಡಮಾನ ಕೇಳುತ್ತದೆ. ಸಾಲ ತೀರದಿದ್ದರೆ ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಕ್ಕೆ ಪಡೆದು ಮಾರಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದ ಕಾರಣ ಹೊಲದ ಉತಾರ (ಪಹಣಿ) ತೋರಿಸಿದರೆ ಮುಖ ತಿರುಗಿಸುತ್ತದೆ. ಬಬಲೇಶ್ವರ ಕಡೆಯ ಒಬ್ಬ ಹುಡುಗ ಹೀಗೆಯೇ ನಿಂತ. ಕೋಟಿ ಬೆಲೆಯ ತೋಟ, ಒಳ್ಳೆಯ ವಿಶ್ವವಿದ್ಯಾಲಯದ ಪತ್ರ, ಆದರೂ ಸಾಲವಿಲ್ಲ. ಇನ್ನೊಬ್ಬನ ಮನೆ ಅಜ್ಜನ ಹೆಸರಿನಲ್ಲಿತ್ತು. ವಾಟಣಿ, ಅಂದರೆ ಆಸ್ತಿಯ ಪಾಲು, ಆಗಿರಲಿಲ್ಲ. ಚಿಕ್ಕಪ್ಪಂದಿರ ಸಹಿ ಸಿಗುವಷ್ಟರಲ್ಲಿ ಸೆಮಿಸ್ಟರ್ ಶುರುವಾಗಿತ್ತು. ಅರ್ಜಿ, ಪರೀಕ್ಷೆ ಎಂದು ಆ ಎರಡು ಮನೆಗಳವರು ಸುರಿದದ್ದು ತಲಾ ಅರವತ್ತು ಎಪ್ಪತ್ತು ಸಾವಿರವಾದರೂ ಇರಬೇಕು.

ಈಗ ಏಳನೇ ಸೆಮಿಸ್ಟರಿನಲ್ಲೇ ಎನ್‌ಎ (ಕೃಷಿಯೇತರ) ಪ್ಲಾಟನ್ನೋ ಊರೊಳಗಿನ ಮನೆಯನ್ನೋ ಗುರುತಿಸುತ್ತೇವೆ. ಪಂಚಾಯಿತಿ ವ್ಯಾಪ್ತಿಯದಾದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕೇ ಬೇಕು. ತಂದೆಗೆ ಇಲ್ಲದಿದ್ದರೆ ಸೋದರಮಾವನ ಪ್ಲಾಟೂ ನಡೆಯುತ್ತದೆ, ಅವರು ಜಾಮೀನಿಗೆ ನಿಲ್ಲಬೇಕು ಅಷ್ಟೇ. ಬ್ಯಾಂಕಿನ ಪಟ್ಟಿಯಲ್ಲಿರುವ ವಕೀಲರಿಂದ ಸರ್ಚ್ ರಿಪೋರ್ಟ್ (ಆಸ್ತಿಯ ಹಕ್ಕಿನ ತಪಾಸಣೆ), ಎಂಜಿನಿಯರಿಂದ ಮೌಲ್ಯಮಾಪನ ಎರಡನ್ನೂ ಮೊದಲೇ ಮಾಡಿಸಿ ಇಟ್ಟರೆ ಹತ್ತು ಸಾವಿರದ ಆಸುಪಾಸು ಖರ್ಚು. ಪತ್ರ ಬಂದ ಮೇಲೆ ಮಂಜೂರಾತಿಗೆ ಎರಡು ವಾರ ಸಾಕು, ಮೊದಲು ಎರಡು ತಿಂಗಳಿಗೂ ಆಗುತ್ತಿರಲಿಲ್ಲ. ಪತ್ರವಿಲ್ಲದೆ ಮ್ಯಾನೇಜರನ್ನು ಒಪ್ಪಿಸುವ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಅನ್ನ ಅದರಲ್ಲಿದೆ.

ಬ್ಲಾಕ್ಡ್ ಅಕೌಂಟ್ ಎಂದರೆ ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮೊದಲೇ ಇಡುವ ಖಾತೆ. ಅದಕ್ಕೆ 2024ರ ಸೆಪ್ಟೆಂಬರಿನಿಂದ 11,904 ಯೂರೊ, ತಿಂಗಳಿಗೆ 992ರ ಲೆಕ್ಕ. ಮಂಜೂರಾತಿಗೂ ಹಣ ಕಳುಹಿಸುವುದಕ್ಕೂ ನಡುವೆ ರೂಪಾಯಿ ಇಳಿದರೆ ಕೊರತೆ ಬೀಳುತ್ತದೆ. ಹಾಗಾಗಿ ಅರ್ಜಿಯಲ್ಲೇ ಐವತ್ತು ಸಾವಿರ ಹೆಚ್ಚಿಗೆ ಬರೆಸುತ್ತೇನೆ. ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಪ್ರಮಾಣ ಪತ್ರ ಕೊಡುವ ಎಪಿಎಸ್‌ಗೆ 18,000 ರೂಪಾಯಿ, ಅನೇಕ ಜರ್ಮನ್ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ನೋಡುವ ಯೂನಿ-ಅಸಿಸ್ಟ್‌ಗೆ ಮೊದಲ ಅರ್ಜಿಗೆ 75 ಯೂರೊ, ಮುಂದಿನವುಗಳಿಗೆ ತಲಾ 30. ಬೆಳಗಾವಿಯ ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅಂಕಗಳಲ್ಲಿ ನನ್ನ ಗೆರೆ ಏಳು ಸಿಜಿಪಿಎ. ನಮ್ಮ ಅಂಕವನ್ನು ಜರ್ಮನ್ ಶ್ರೇಣಿಗೆ (ಅಲ್ಲಿ 1 ಅತ್ಯುತ್ತಮ, 4 ಪಾಸು) ಬದಲಿಸುವ ಬವೇರಿಯನ್ ಸೂತ್ರದಲ್ಲಿ ಕನಿಷ್ಠ ಪಾಸು ನಾಲ್ಕು ಎಂದು ಹಿಡಿದರೆ ಅದು 2.5 ಆಗುತ್ತದೆ. ಏಳಕ್ಕಿಂತ ಕಡಿಮೆಯವರಿಗೆ ಆಸೆ ಹುಟ್ಟಿಸಿ ದುಡ್ಡು ಕೀಳುವುದು ನನಗಾಗದು.

‘ಜರ್ಮನಿಯಲ್ಲಿ ಫೀ ಇಲ್ಲ’ ಎಂದು ಬೋರ್ಡು ಹಾಕುವವರಿಗೊಂದು ಮಾತು. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ನಮ್ಮಂಥ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಶುರು ಮಾಡಿತು, ಅಲ್ಲಿ ಸ್ನಾತಕೋತ್ತರಕ್ಕೆ ಸೆಮಿಸ್ಟರ್‌ಗೆ ನಾಲ್ಕು ಅಥವಾ ಆರು ಸಾವಿರ ಯೂರೊ. ಪಟ್ಟಿ ಮಾಡುವಾಗ ಈ ಎರಡನ್ನೂ ಬದಿಗಿಡುತ್ತೇನೆ. ಕಮಿಷನ್ ಕೊಡುವ ಖಾಸಗಿ ಕಾಲೇಜುಗಳು ನನ್ನ ಪಟ್ಟಿಯಲ್ಲೇ ಇಲ್ಲ. ನನ್ನ ಶುಲ್ಕ ನಲವತ್ತು ಸಾವಿರದಷ್ಟು, ಕೊನೆಯ ಕಂತು ವೀಸಾ ಬಂದ ಮೇಲೆ.

ನಡುವೆ ಇಟಲಿಯನ್ನೂ ಪ್ರಯತ್ನಿಸಿದೆ. ಅಲ್ಲಿ ಪ್ರಾದೇಶಿಕ ವಿದ್ಯಾರ್ಥಿವೇತನ ಕುಟುಂಬದ ಆದಾಯ ಮತ್ತು ಆಸ್ತಿಯನ್ನು ನೋಡಿ ಸಿಗುತ್ತದೆ. ಸಿಂದಗಿ ಕಡೆಯ ಒಣಬೇಸಾಯದ ಮನೆಯ ಹುಡುಗಿಗೆ, ಹೊರೆಯೆನಿಸಿದ್ದ ಬಡತನವೇ ಅರ್ಹತೆಯಾಯಿತು. ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಅದಕ್ಕೆ ಅಪೊಸ್ಟಿಲ್ (ಹೊರದೇಶದಲ್ಲಿ ನಡೆಯುವಂತೆ ಸರ್ಕಾರ ಹಾಕುವ ದೃಢೀಕರಣ), ಆಮೇಲೆ ಇಟಾಲಿಯನ್ ಅನುವಾದ ಸೇರಿ ಹದಿನೈದು ಸಾವಿರ ಹೋಯಿತು. ಫೀ ಪೂರ್ತಿ ಮನ್ನಾ ಆಯಿತು. ಆದರೆ ವಿದ್ಯಾರ್ಥಿವೇತನದ ಮೊದಲ ಕಂತು ಅವಳು ಅಲ್ಲಿಗೆ ಹೋದ ಎಷ್ಟೋ ತಿಂಗಳಿಗೆ ಬಂತು. ಅಲ್ಲಿಯವರೆಗಿನ ಖರ್ಚಿಗೆ ನಾಲ್ಕು ಲಕ್ಷದೊಳಗಿನ ಸಾಲ ಮಾಡಿಸಿದ್ದೆ, ಅದಕ್ಕೆ ಪ್ಲಾಟು ಬೇಕಾಗಲಿಲ್ಲ.