ಎಂಟು ಸಾಲಿನ ಚೀಟಿ

ಮ್ಯಾನ್‌ಹೈಮ್ ಸೂಚ್ಯಂಕದ ಚೀಟಿಯನ್ನು ಆಪರೇಷನ್ ಥಿಯೇಟರಿನ ಗೋಡೆಗೆ ಅಂಟಿಸಿದ ದಿನ ನಮ್ಮ ಅರಿವಳಿಕೆ ತಜ್ಞರು, "ಏನು ಸಾರ್, ಜಾತಕ ಬರೆಯಲು ಶುರು ಮಾಡಿದಿರಾ?" ಎಂದು ನಕ್ಕಿದ್ದರು. ಹೊಟ್ಟೆಯೊಳಗೆ ಸೋಂಕು ಹರಡಿದವರು ಉಳಿಯುವ ಸಾಧ್ಯತೆಯನ್ನು ಎಂಟು ಅಂಶಗಳಿಗೆ ಅಂಕ ಹಾಕಿ ಅಂದಾಜಿಸುವ ಪಟ್ಟಿ ಅದು; ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಈಗ ಹೊಟ್ಟೆ ಹೊಲಿಯುವ ಮೊದಲೇ "ಎಷ್ಟಾಯಿತು?" ಎಂದು ಕೇಳುವವರು ಅವರೇ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಇದಕ್ಕೂ ಮೊದಲು ಕೈ ಸುಟ್ಟುಕೊಂಡದ್ದು ಅಪಾಚೆ-2ರಲ್ಲಿ; ಅದು ಐಸಿಯು ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯುವ ಅಂಕಪಟ್ಟಿ. ರಕ್ತದ ಅನಿಲ ಪರೀಕ್ಷೆಯ ಯಂತ್ರ ನಮ್ಮಲ್ಲಿರಲಿಲ್ಲ. ಹೊರಗಿನ ಲ್ಯಾಬಿಗೆ ಐಸಿನಲ್ಲಿಟ್ಟು ಆಟೋದಲ್ಲಿ ಕಳಿಸಿದರೆ ಒಂದಕ್ಕೆ ಆರೇಳು ನೂರು. ಮೂರು ತಿಂಗಳಲ್ಲಿ ಜೇಬಿನಿಂದ ಹನ್ನೆರಡು ಸಾವಿರ ಹೋಯಿತು. ಪೂರ್ತಿ ತುಂಬಿದ ಹಾಳೆ ಹತ್ತೂ ಸಿಗಲಿಲ್ಲ. ಖಾಲಿ ಮನೆಗಳಿಗೆ ಹೌಸ್ ಸರ್ಜನ್‌ಗಳು ಸೊನ್ನೆ ಹಾಕಿಬಿಡುತ್ತಿದ್ದರು. ಸಾಯುವ ಸ್ಥಿತಿಯಲ್ಲಿದ್ದವನೂ ಕಾಗದದಲ್ಲಿ ಗಟ್ಟಿಮುಟ್ಟಾಗಿರುತ್ತಿದ್ದ.

ಆಮೇಲೆ ಪಿ-ಪೋಸಮ್, ಶಸ್ತ್ರಚಿಕಿತ್ಸೆಯ ಅಪಾಯ ಅಳೆಯುವ ಇನ್ನೊಂದು ಅಂಕಪಟ್ಟಿ. ಅದಕ್ಕೆ ರಕ್ತನಷ್ಟದ ಲೆಕ್ಕ ಬೇಕು. ನಾನು ಇನ್ನೂರು ಮಿಲಿ ಎಂದರೆ ಅರಿವಳಿಕೆಯವರು ಐನೂರು ಎನ್ನುತ್ತಿದ್ದರು. ನಾನೂರು ರೂಪಾಯಿಯ ಅಡುಗೆಮನೆ ತಕ್ಕಡಿ ತಂದು ರಕ್ತ ಒರೆಸಿದ ಬಟ್ಟೆಗಳನ್ನು (ಮಾಪ್) ತೂಗಿದೆ, ಗ್ರಾಂಗೆ ಒಂದು ಮಿಲಿಯಂತೆ. ಕೀವು, ತೊಳೆದ ಸಲೈನ್ ಎಲ್ಲವೂ ಅದೇ ಬಟ್ಟೆಯಲ್ಲಿದ್ದಾಗ ಆ ತೂಕಕ್ಕೆ ಅರ್ಥವೇನು? ತಕ್ಕಡಿಯನ್ನು ಹೆರಿಗೆ ವಾರ್ಡಿನವರು ಪ್ಯಾಡ್ ತೂಗಲು ಒಯ್ದರು. ಅವರಿಗೆ ನಿಜವಾಗಿಯೂ ಉಪಯೋಗವಾಯಿತು.

ಮ್ಯಾನ್‌ಹೈಮ್‌ನ ಎಂಟು ಅಂಶಗಳಲ್ಲಿ ನಮಗೆ ಕಾಟ ಕೊಟ್ಟದ್ದು ಹೊಟ್ಟೆಯೊಳಗಿನ ದ್ರವ. ತಿಳಿಯಾಗಿದ್ದರೆ ಸೊನ್ನೆ, ಕಲಕಿ ಕೀವಾಗಿದ್ದರೆ 6, ಮಲ ಬೆರೆತಿದ್ದರೆ 12. ಪಿತ್ತದ ಹಸಿರು ಕಂಡ ಕೂಡಲೇ ಹುಡುಗರು ಕಲಕಿದೆ ಎಂದು ಬರೆಯುತ್ತಿದ್ದರು. ಈಗ ಬರಿದಾದ ಗಾಜಿನ ಬಾಟಲಿಗೆ ಸ್ವಲ್ಪ ಹಾಕಿಸಿ, ಹಿಂದೆ ದಿನಪತ್ರಿಕೆ ಹಿಡಿಸುತ್ತೇನೆ. ಅಕ್ಷರ ಓದಲು ಬಂದರೆ ತಿಳಿ. ಜಗಳ ಅಲ್ಲಿಗೆ ಮುಗಿಯಿತು.

ಕಳೆದ ಮಳೆಗಾಲದಲ್ಲಿ ಒಬ್ಬ ರೈತರು ಬಂದರು. ಎರಡು ದಿನ ಊರಲ್ಲೇ ನೋವಿನ ಮಾತ್ರೆ ನುಂಗಿದ್ದವರು, ಡುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ತೂತಾಗಿತ್ತು. ಐವತ್ತು ದಾಟಿದ್ದಕ್ಕೆ 5, ತಡವಾದದ್ದಕ್ಕೆ 4, ದೊಡ್ಡ ಕರುಳಿನದಲ್ಲದ್ದಕ್ಕೆ 4, ಹೊಟ್ಟೆಯೆಲ್ಲ ಹರಡಿದ್ದಕ್ಕೆ 6, ಕೀವಿಗೆ 6: ಒಟ್ಟು 25. ಮೂತ್ರ ನಿಂತಿತ್ತು; ಅಂಗ ಕೈಕೊಟ್ಟದ್ದಕ್ಕೆ ಇನ್ನೊಂದು 7. 32 ಬಂದ ಮೇಲೆ ವಾರ್ಡಿನ ಮಾತೇ ಇಲ್ಲ. ಟೇಬಲ್ಲಿನಿಂದ ನೇರವಾಗಿ ಐಸಿಯು. ಹಿಂದೆಲ್ಲ ಇಂಥವರಿಗೆ ನಡುರಾತ್ರಿ ಬಿಪಿ ಕುಸಿದ ಮೇಲೆ ಆಂಬುಲೆನ್ಸ್ ಹುಡುಕುತ್ತಿದ್ದೆವು. ನಗರದ ಖಾಸಗಿ ಐಸಿಯುಗೆ ದಿನಕ್ಕೆ ಇಪ್ಪತ್ತು ಸಾವಿರ ಹೊಂದಿಸಲು ಮನೆಯವರು ಎತ್ತು ಮಾರುತ್ತಿದ್ದರು. ಈ ರೈತರು ಹದಿನಾಲ್ಕನೆಯ ದಿನ ನಡೆದುಕೊಂಡೇ ಮನೆಗೆ ಹೋದರು.

ಎರಡು ವರ್ಷದಲ್ಲಿ ಎಂಬತ್ತು ಚಿಲ್ಲರೆ ಹೊಟ್ಟೆ ತೆರೆದಿದ್ದೇವೆ. 29 ದಾಟಿದವರು ಹದಿನೈದು ಹದಿನಾರು ಜನ. ಅರ್ಧದಷ್ಟು ಮಂದಿ ಉಳಿಯಲಿಲ್ಲ. 21ರ ಕೆಳಗೆ ನಲವತ್ತರ ಹತ್ತಿರ, ಕಳೆದುಕೊಂಡದ್ದು ಒಬ್ಬನನ್ನು. ಇಪ್ಪತ್ತೆಂಟರ ಹುಡುಗ, ಅಂಕ 16. ಐದನೆಯ ದಿನ ನಾನು ಹಾಕಿದ ಹೊಲಿಗೆಯೇ ಸೋರಿತು. ಶಸ್ತ್ರವೈದ್ಯನ ಕೈಗೆ ಆ ಚೀಟಿಯಲ್ಲಿ ಸಾಲಿಲ್ಲ.

ಒಂಬತ್ತನೆಯ ಸಾಲೊಂದನ್ನು ನಾನೇ ಸೇರಿಸಿಕೊಂಡಿದ್ದೇನೆ. ಎರಡು ಲೀಟರ್ ಸಲೈನ್ ಹೋದ ಮೇಲಿನ ಮೂತ್ರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತೇನೆ. ಉಳಿದದ್ದು ನೂರು ಹೊಟ್ಟೆ ತುಂಬಿದ ಮೇಲೆ.